ಬ್ವಿಂಡಿಯ ಗೊರಿಲ್ಲಾ ಟ್ರೆಕ್: ಆ ಒಂದು ಗಂಟೆಗೆ ನಾನು ಮಾಡಿಕೊಳ್ಳುವ ತಯಾರಿ

ಬ್ವಿಂಡಿಯಲ್ಲಿ ಗೊರಿಲ್ಲಾಗಳ ಎದುರು ಸಿಗುವುದು ಒಂದೇ ಗಂಟೆ. ಅದರ ಪರ್ಮಿಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ತಾರೀಖನ್ನಲ್ಲ, ಸೆಕ್ಟರ್ ಹೆಸರನ್ನು. ಉಗಾಂಡಾದ ನೈಋತ್ಯ ಮೂಲೆಯ ಈ ಕಾಡಿಗೆ ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೊ ಅಂತ ನಾಲ್ಕು ಬಾಗಿಲು. ಇಡೀ ರಾಷ್ಟ್ರೀಯ ಉದ್ಯಾನವೇ 321 ಚದರ ಕಿ.ಮೀ., ಅಂದರೆ ಹೆಚ್ಚುಕಡಿಮೆ ನಮ್ಮ ನಾಗರಹೊಳೆಯ ಅರ್ಧ. ಹಾಗಾಗಿ ಯಾವ ಬಾಗಿಲಾದರೇನು, ಬೆಳಿಗ್ಗೆ ಬೇಗ ಎದ್ದು ಜೀಪಿನಲ್ಲಿ ಹೋದರಾಯಿತು ಅಂತ ಅನಿಸುತ್ತದೆ. ಆಗುವುದಿಲ್ಲ. ಬುಹೋಮಾದಿಂದ ರುಶಾಗಾಕ್ಕೆ ಗುಡ್ಡ ಬಳಸಿಕೊಂಡು ಹೋಗುವ ರಸ್ತೆ ಹಲವು ಗಂಟೆ ತಿನ್ನುತ್ತದೆ, ಮಳೆ ಬಂದರೆ ಲೆಕ್ಕವೇ ಇಲ್ಲ. ಬೆಳಿಗ್ಗೆ ಏಳೂವರೆಗೆಲ್ಲಾ ನಿಮ್ಮ ಪರ್ಮಿಟ್ಟಿನಲ್ಲಿರುವ ಸೆಕ್ಟರಿನ ಕಚೇರಿಯಲ್ಲೇ ಇರಬೇಕು. ಒಂದು ಕಡೆ ಪರ್ಮಿಟ್, ಇನ್ನೊಂದು ಕಡೆ ರೂಮ್ ಬುಕ್ ಮಾಡಿಕೊಂಡು ಒದ್ದಾಡುವವರು ಕಾಡು ಹತ್ತಲಾಗದೆ ಸೋತವರಿಗಿಂತ ಹೆಚ್ಚು. ಆದ್ದರಿಂದ ಮೊದಲು ಪರ್ಮಿಟ್, ಅದು ಖಚಿತವಾದ ಮೇಲೆ ಅದೇ ಸೆಕ್ಟರಿನಲ್ಲಿ ರೂಮ್, ಕೊನೆಗೆ ವಿಮಾನದ ಟಿಕೆಟ್. ಈ ಕ್ರಮ ತಿರುಗಿಸಬೇಡಿ.

ಯಾವ ಸೆಕ್ಟರ್? ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬುಹೋಮಾ. 1993ರಲ್ಲಿ ಬ್ವಿಂಡಿಯ ಗೊರಿಲ್ಲಾ ಪ್ರವಾಸೋದ್ಯಮ ಶುರುವಾದದ್ದೇ ಇಲ್ಲಿ, ಮುಬಾರೆ ಎಂಬ ಗೊರಿಲ್ಲಾ ಗುಂಪಿನಿಂದ. ಇಳಿಜಾರು ಉಳಿದ ಕಡೆಗಿಂತ ಸ್ವಲ್ಪ ಸಹಿಸುವಂಥದ್ದು. ರುಶಾಗಾದಲ್ಲಿ ಮನುಷ್ಯರಿಗೆ ಒಗ್ಗಿಸಿದ ಗುಂಪುಗಳು ಹೆಚ್ಚು, ಹಾಗಾಗಿ ಪರ್ಮಿಟ್ ಸಿಗುವ ಸಾಧ್ಯತೆಯೂ ಹೆಚ್ಚು. ರುಹಿಜಾ ಎತ್ತರದಲ್ಲಿದೆ, ರಾತ್ರಿ ಚಳಿ ಕೊರೆಯುತ್ತದೆ. ನ್ಕುರಿಂಗೊದ ಕಷ್ಟ ಬೇರೆ ತರಹದ್ದು: ಕಚೇರಿ ಬೆಟ್ಟದ ನೆತ್ತಿಯ ಮೇಲೆ, ಕಾಡು ಕೆಳಗೆ. ಹೋಗುವಾಗ ಇಳಿಜಾರು, ದಣಿದು ವಾಪಸ್ ಬರುವಾಗ ಏರು. ಮಂಡಿನೋವಿದ್ದವರು ಅದನ್ನು ಬಿಟ್ಟುಬಿಡಿ.

ವಿದೇಶಿಯರಿಗೆ ಪರ್ಮಿಟ್ 800 ಡಾಲರ್. ಪಕ್ಕದ ರುವಾಂಡಾದಲ್ಲಿ 2017ರಿಂದ 1500. ರುವಾಂಡಾ ದುಬಾರಿಯಾದರೂ ಕಿಗಾಲಿ ವಿಮಾನ ನಿಲ್ದಾಣದಿಂದ ಡಾಂಬರು ರಸ್ತೆಯಲ್ಲಿ ಎರಡೂವರೆ ಮೂರು ಗಂಟೆಗೆ ಅಲ್ಲಿನ ಗೊರಿಲ್ಲಾ ಉದ್ಯಾನದ ಹತ್ತಿರ ಇರುತ್ತೀರಿ. ಉಗಾಂಡಾದ ವಿಮಾನ ನಿಲ್ದಾಣವಿರುವ ಎಂಟೆಬೆಯಿಂದ ಬ್ವಿಂಡಿಗೆ ಒಂದು ಪೂರ್ತಿ ಹಗಲು ಬೇಕು. ನಾಲ್ಕೇ ದಿನ ರಜೆ ಇದ್ದವರಿಗೆ ರುವಾಂಡಾದ ಲೆಕ್ಕ ಸರಿಹೋಗಬಹುದು. ಕಿಗಾಲಿಯಲ್ಲಿಳಿದು ಗಡಿ ದಾಟಿ ರುಶಾಗಾಕ್ಕೆ ಬರುವುದು ನಡುವಿನ ದಾರಿ. ಆಗ ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸಲ್ಲುವ 100 ಡಾಲರಿನ ಪೂರ್ವ ಆಫ್ರಿಕಾ ವೀಸಾ ತೆಗೆದುಕೊಳ್ಳಿ. ಆದರೆ ಯಾವ ದೇಶ ಕೊಟ್ಟಿತೋ ಆ ದೇಶಕ್ಕೇ ಮೊದಲು ಕಾಲಿಡಬೇಕು. ನಡುವೆ ಸೆರೆಂಗೆಟಿ ನೋಡೋಣ ಅಂತ ಟಾಂಜಾನಿಯಾಕ್ಕೆ ಹೋದರೆ ಆ ವೀಸಾ ಅಲ್ಲಿಗೆ ಮುಗಿಯಿತು. ಕಾರು ನೀವೇ ಓಡಿಸುವುದಾದರೆ ಇನ್ನೊಂದು ಮಾತು: ಉಗಾಂಡಾದಲ್ಲಿ ನಮ್ಮಂತೆ ಎಡಬದಿ, ಗಡಿ ದಾಟಿದರೆ ಬಲಬದಿ.

ಪರ್ಮಿಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮವರಿಗೆ ಇನಿಷಿಯಲ್ ಬಿಡಿಸಿ ಬರೆಯುವ ಗೊಂದಲ ಮಾಮೂಲು. ಏಜೆಂಟರಿಗೆ ಹೆಸರು ಟೈಪ್ ಮಾಡಿ ಕಳಿಸಬೇಡಿ, ಪಾಸ್‌ಪೋರ್ಟ್ ಪುಟದ ಸ್ಕ್ಯಾನ್ ಕಳಿಸಿ. 15 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ. ಮಳೆ ಎರಡು ಪಾಳಿ: ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್. ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ತಿಂಗಳಿಗೆ ಆರೇಳು ತಿಂಗಳು ಮೊದಲೇ ಬುಕ್ ಮಾಡಬೇಕಾಗುತ್ತದೆ. ಒಣ ತಿಂಗಳಲ್ಲೂ ಮಳೆ ಬರುತ್ತದೆ. ಅದು ಮಳೆಕಾಡು.

ಇನ್ನು ಸೂಜಿಯ ವಿಷಯ. ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದರ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಬೆಂಗಳೂರಿನಲ್ಲಿ ಸಿಗುತ್ತದೆ, ಆದರೆ ಎಲ್ಲಾ ದಿನವೂ ಹಾಕುವುದಿಲ್ಲ, ಮೊದಲೇ ಸರದಿ ಹಿಡಿಯಬೇಕು. ಹೊರಡುವುದಕ್ಕೆ ಒಂದೂವರೆ ತಿಂಗಳು ಮೊದಲೇ ನಾನು ಮುಗಿಸಿಬಿಡುತ್ತೇನೆ. ಮೊಟ್ಟೆಯ ಅಲರ್ಜಿ ಇದ್ದವರು, 60 ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು, ಅದು ಜೀವಂತ ವೈರಸ್ಸಿನ ಲಸಿಕೆ. ಮಲೇರಿಯಾ ಮಾತ್ರೆಯ ಮಾತನ್ನೂ ಅದೇ ಭೇಟಿಯಲ್ಲಿ ಮುಗಿಸಿ.

ಸಾಮಾನಿನಲ್ಲಿ ನಾನು ತಲೆ ಕೆಡಿಸಿಕೊಳ್ಳುವುದು ಮೂರಕ್ಕೆ: ಕೈಗವಸು, ಪ್ಯಾಂಟು, ಮಾಸ್ಕು.

ಕಾಲುಹಾದಿ ಮುಗಿದ ಮೇಲೆ ಬಳ್ಳಿಯ ರಾಶಿಯ ಮೇಲೆ ನಡೆಯುತ್ತೀರಿ, ನೆಲದ ಮೇಲಲ್ಲ. ಜಾರಿದಾಗ ಕೈಗೆ ಸಿಗುವುದನ್ನು ಹಿಡಿಯುತ್ತೀರಿ, ಅದು ತುರಿಚೆ ಗಿಡವೋ ಮುಳ್ಳಿನ ಬಳ್ಳಿಯೋ ಆಗಿರುತ್ತದೆ. ಚಳಿಯ ಉಣ್ಣೆ ಕೈಗವಸು ಇಲ್ಲಿ ಪ್ರಯೋಜನಕ್ಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅಂಗೈಗೆ ರಬ್ಬರ್ ಬಳಿದ ಗಾರೆ ಕೆಲಸದವರ ಗ್ಲೌಸ್, ಅದೇ ಸರಿ. ಎರಡು ಜೊತೆ ಒಯ್ಯಿರಿ. ಅಂಗಡಿಯವರು ಟ್ರೆಕ್ಕಿಂಗಿಗೆ ಅಂತ ಮಾರುವ ತೆಳು ನೈಲಾನ್ ಪ್ಯಾಂಟಿನೊಳಗಿಂದ ತುರಿಚೆ ಚುಚ್ಚುತ್ತದೆ. ದಪ್ಪ ಕಾಟನ್ ಮಿಶ್ರಿತ ಪ್ಯಾಂಟ್ ಒದ್ದೆಯಾದರೆ ಭಾರ, ಆದರೂ ನನ್ನ ಆಯ್ಕೆ ಅದೇ. ಮಲೆನಾಡಿನವರು ಇಂಬಳಕ್ಕೆ ಹೆದರಿ ತಯಾರಾಗುತ್ತಾರೆ, ಇಲ್ಲಿ ಕಾಟ ಕೊಡುವುದು ಸಾಲುಗಟ್ಟಿ ಹೋಗುವ ಸಫಾರಿ ಇರುವೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ಅದರ ಮೇಲೆ ಗೇಟರ್, ಅಂದರೆ ಶೂ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಹೊದಿಕೆ. ಇಂಬಳ ತಡೆಯುವ ಬಟ್ಟೆಯ ಕಾಲುಚೀಲ ಇದ್ದರೆ ಅದೂ ಇರುವೆಯನ್ನು ತಡೆಯುತ್ತದೆ, ಮುಳ್ಳಿಗೆ ಮಾತ್ರ ಹರಿಯುತ್ತದೆ. ಶೂ ವಾಟರ್‌ಪ್ರೂಫ್ ಇದೆಯೇ ಎನ್ನುವುದಕ್ಕಿಂತ ಅಡಿಯ ಹಲ್ಲು ಆಳವಿದೆಯೇ ನೋಡಿ. ಕಾಲುಗುರು ಹೊರಡುವ ಮುನ್ನ ಕತ್ತರಿಸಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ನೀಲಿಗಟ್ಟುತ್ತದೆ.

ಮಾಸ್ಕ್ ಕಡ್ಡಾಯ. ಮೂಗಿನ ಮೇಲೆ ಬಗ್ಗುವ ತಂತಿ ಇರುವುದನ್ನೇ ತನ್ನಿ. ಏರು ಹತ್ತಿದ ಉಸಿರು ಮಾಸ್ಕಿನ ಮೇಲಂಚಿನಿಂದ ನುಗ್ಗಿ ಕನ್ನಡಕವನ್ನೂ ಕ್ಯಾಮೆರಾದ ವ್ಯೂಫೈಂಡರನ್ನೂ ಮಂಜು ಮಾಡುತ್ತದೆ. ಗೊರಿಲ್ಲಾ ಎದುರಿಗೆ ಕೂತು ಗಾಜು ಒರೆಸುತ್ತಾ ಐದು ನಿಮಿಷ ಕಳೆದುಕೊಳ್ಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ನಾನು ಮೇಲಂಚಿಗೆ ಔಷಧಿ ಅಂಗಡಿಯ ಕಾಗದದ ಟೇಪ್ ಅಂಟಿಸುತ್ತೇನೆ. ಬೆವರಿಗೆ ನೆನೆದ ಮಾಸ್ಕಿನಲ್ಲಿ ಉಸಿರಾಡುವುದು ಕಷ್ಟ, ಹಾಗಾಗಿ ಇನ್ನೆರಡು ಜಿಪ್ ಕವರಿನಲ್ಲಿರಲಿ.

ಬೆಳಿಗ್ಗೆ ಬ್ರೀಫಿಂಗ್ ಹೊತ್ತಿಗೆ ಟ್ರ್ಯಾಕರ್‌ಗಳು ಕಾಡೊಳಗೆ ಹೋಗಿಯಾಗಿರುತ್ತದೆ. ಹಿಂದಿನ ದಿನ ಗುಂಪನ್ನು ಬಿಟ್ಟ ಜಾಗದಿಂದ ಅವರ ಕೆಲಸ ಶುರು. ಗೊರಿಲ್ಲಾಗಳು ಪ್ರತಿ ರಾತ್ರಿ ಹೊಸ ಗೂಡು ಮಾಡಿ ಮಲಗುತ್ತವೆ. ಆ ಗೂಡು ಸಿಕ್ಕರೆ ಅಲ್ಲಿಂದ ಮುರಿದ ಕಾಂಡ, ತುಳಿದ ಸೊಪ್ಪು ನೋಡುತ್ತಾ ಬೆನ್ನು ಹತ್ತುತ್ತಾರೆ, ಸಿಕ್ಕಿದ್ದನ್ನು ಗೈಡಿಗೆ ತಿಳಿಸುತ್ತಾರೆ. ಒಂದು ಗೊರಿಲ್ಲಾ ಗುಂಪಿಗೆ ದಿನಕ್ಕೆ ಎಂಟೇ ಜನ. ಯಾರನ್ನು ಯಾವ ಗುಂಪಿಗೆ ಹಾಕುವುದು ಅಂತ ತೀರ್ಮಾನವಾಗುವುದು ಅಲ್ಲೇ. ವಯಸ್ಸು, ಮಂಡಿ, ಉಬ್ಬಸ ಏನಿದ್ದರೂ ಆಗಲೇ ಸಂಕೋಚವಿಲ್ಲದೆ ಹೇಳಿ, ಹತ್ತಿರವಿರುವ ಗುಂಪಿಗೆ ಹಾಕಲು ಪ್ರಯತ್ನಿಸುತ್ತಾರೆ. ಅರ್ಧ ಗಂಟೆಯಲ್ಲೇ ಸಿಗಬಹುದು, ಆರು ಗಂಟೆಯೂ ಆಗಬಹುದು.

ಅದೇ ಅಂಗಳದಲ್ಲಿ ಪೋರ್ಟರ್‌ಗಳು ನಿಂತಿರುತ್ತಾರೆ. 20 ಡಾಲರ್ ಆಸುಪಾಸು. "ನನ್ನ ಬ್ಯಾಗ್ ನಾನೇ ಹೊರಬಲ್ಲೆ" ಅನ್ನುವ ಹಟ ನಮ್ಮವರಲ್ಲಿ ಜಾಸ್ತಿ. ಕುಮಾರಪರ್ವತ ಹತ್ತಿದವರಿಗಂತೂ ಇನ್ನೂ ಜಾಸ್ತಿ. ಪೋರ್ಟರ್ ಇರುವುದು ಬ್ಯಾಗಿಗಲ್ಲ, ಕೆಸರಿನ ಇಳಿಜಾರಿನಲ್ಲಿ ನಿಮ್ಮ ಮೊಣಕೈ ಹಿಡಿಯುವುದಕ್ಕೆ. ಈ ಊರುಗಳಿಗೆ ಕಾಡಿನಿಂದ ನೇರವಾಗಿ ಸಿಗುವ ಕೂಲಿಯೂ ಅದು. ನಡೆಯಲು ಆಗದವರನ್ನು ನಾಲ್ಕಾರು ಜನ ಕುರ್ಚಿಯಲ್ಲಿ ಹೊತ್ತೊಯ್ಯುವ ಏರ್ಪಾಡೂ ಇದೆ, ಅದನ್ನು ಅಲ್ಲಿನವರು ಹೆಲಿಕಾಪ್ಟರ್ ಅನ್ನುತ್ತಾರೆ. ಬೇಕಾದವರು ಹಿಂದಿನ ದಿನವೇ ಹೇಳಿಡಬೇಕು. ಹಣ ಕೊಡುವಾಗ ಹಳೆಯ, ಮಡಚಿ ಹರಿದ ಡಾಲರ್ ನೋಟು ನಡೆಯುವುದಿಲ್ಲ. ಟಿಪ್ಸ್‌ಗೆ ನಾನು ಉಗಾಂಡಾ ಶಿಲ್ಲಿಂಗನ್ನೇ ಇಟ್ಟುಕೊಳ್ಳುತ್ತೇನೆ.

ಊಟ: ಲಾಡ್ಜಿನವರು ಕಟ್ಟಿಕೊಡುವ ಬುತ್ತಿಯಲ್ಲಿ ಕೋಳಿ ಇರುವುದು ಸಾಮಾನ್ಯ. ಸಸ್ಯಾಹಾರಿಗಳು ಹಿಂದಿನ ರಾತ್ರಿ ಅಡುಗೆಯವರಿಗೇ ನೇರವಾಗಿ ಹೇಳಿ. ಚಪಾತಿ ಆ ದೇಶದ ಊಟವೇ ಆಗಿಹೋಗಿದೆ, ಬೀನ್ಸ್ ಜೊತೆ ಎಲ್ಲೆಡೆ ಸಿಗುತ್ತದೆ. ರೋಲೆಕ್ಸ್ ಅಂದರೆ ಮೊಟ್ಟೆ ಸುತ್ತಿದ ಚಪಾತಿ, ಮರೆತು ಆರ್ಡರ್ ಮಾಡೀರಿ. ಜೇಬಿಗೆ ನನ್ನದು ಕೋಡುಬಳೆ, ಕಡಲೆಕಾಯಿ ಚಿಕ್ಕಿ. ನೀರು ಎರಡು ಲೀಟರ್.

ಟ್ರ್ಯಾಕರ್‌ಗಳು ಸಿಕ್ಕ ಜಾಗದಲ್ಲಿ ಬ್ಯಾಗು, ಕೋಲು ಎಲ್ಲವನ್ನೂ ಪೋರ್ಟರ್ ಬಳಿ ಬಿಡಬೇಕು. ಕೋಲು ಹಿಡಿದವನನ್ನು ಗಂಡು ಗೊರಿಲ್ಲಾ ಈಟಿ ಹಿಡಿದವನಂತೆ ಕಾಣಬಹುದು. ಬಹಳ ಜನ ಇಲ್ಲಿ ಎಡವುತ್ತಾರೆ: ಇನ್ನೊಂದು ಬ್ಯಾಟರಿ, ಕಾರ್ಡು ಬ್ಯಾಗಿನಲ್ಲೇ ಉಳಿದುಬಿಡುತ್ತದೆ. ಅವನ್ನು ಹೊರಡುವಾಗಲೇ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಿ. ಲೆನ್ಸ್ ಬದಲಿಸುವುದಿದ್ದರೆ ಇಲ್ಲೇ ಬದಲಿಸಿ. ಗಡಿಯಾರ ಶುರುವಾದ ಮೇಲೆ ಒಂದೇ ಗಂಟೆ.

ಕ್ಯಾಮೆರಾದ ಕಷ್ಟ ಸರಳವಾದದ್ದು. ಪ್ರಾಣಿ ಕಪ್ಪು, ಕಾಡು ಕತ್ತಲು, ನಡುವೆ ಅಲ್ಲಲ್ಲಿ ಬಿಸಿಲಿನ ಬೊಟ್ಟು. ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹೊರಟು ಎಲ್ಲವನ್ನೂ ತೆಳುವಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿದರೆ ಕೂದಲು ಕಪ್ಪಾಗಿಯೇ ಉಳಿಯುತ್ತದೆ, ಕೆಲಸಕ್ಕೆ ಬೇಕಾದ ಶಟರ್ ವೇಗವೂ ಸಿಗುತ್ತದೆ. ಕೂತಿರುವ ದೊಡ್ಡವಕ್ಕೆ 1/250 ಸೆಕೆಂಡ್, ಆಡುವ ಮರಿಗಳಿಗೆ 1/500. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಐಎಸ್ಒ 3200, 6400 ಆದರೂ ಪರವಾಗಿಲ್ಲ, ಕಾಳುಕಾಳಾದ (ಗ್ರೇನ್) ಚಿತ್ರ ಅಲುಗಿದ ಚಿತ್ರಕ್ಕಿಂತ ಮೇಲು. 70-200 ಎಫ್ 2.8 ಲೆನ್ಸ್ ಇದ್ದರೆ ಬೇರೆ ಬೇಡ. ಕಬಿನಿಯ ಜೀಪಿಗೆ ಒಯ್ಯುವ 600 ಮಿ.ಮೀ. ಇಲ್ಲಿ ಮುಖದ ಒಂದು ಕೆನ್ನೆಯನ್ನಷ್ಟೇ ಹಿಡಿಯುತ್ತದೆ. ಮುಂದಿನ ಎಲೆಗೆ ಫೋಕಸ್ ಕಚ್ಚಿಕೊಳ್ಳುವುದರಿಂದ ಒಂದೇ ಸಣ್ಣ ಬಿಂದುವನ್ನು ಕಣ್ಣಿನ ಮೇಲಿಡಿ. ಫ್ಲ್ಯಾಶ್ ನಿಷಿದ್ಧ. ಫೋಕಸ್‌ಗೆ ನೆರವಾಗುವ ಪುಟ್ಟ ಕೆಂಪು ದೀಪ, ಬೀಪ್ ಸದ್ದು ಎರಡನ್ನೂ ರೂಮಿನಲ್ಲೇ ಆಫ್ ಮಾಡಿ ಬನ್ನಿ.

ನಿಯಮದಲ್ಲಿ ಅಂತರ 10 ಮೀಟರ್. ಅದು ನಿಮಗೆ ಗೊತ್ತು, ಮರಿಗಳಿಗೆ ಗೊತ್ತಿಲ್ಲ. ಹತ್ತಿರ ಬಂದರೆ ಕೈ ಚಾಚದೆ ನಿಧಾನವಾಗಿ ಹಿಂದೆ ಸರಿಯಿರಿ. ಗೈಡ್ ಗಂಟಲಿನಿಂದ ತೇಗಿದಂಥ ಒಂದು ಉದ್ದನೆಯ ಗೊಗ್ಗರು ದನಿ ತೆಗೆಯುತ್ತಾನೆ, "ಗಲಾಟೆಯಿಲ್ಲ, ನಾವೇ" ಎನ್ನುವ ಸಂಜ್ಞೆ ಅದು. ಮೇಯುತ್ತಿರುವ ಗೊರಿಲ್ಲಾ ಅದೇ ದನಿಯಲ್ಲಿ ಉತ್ತರಿಸಿದರೆ ಎಲ್ಲಾ ಸರಿಯಿದೆ ಅಂತ ಅರ್ಥ. ಬೆಳ್ಳಿಬೆನ್ನಿನ ಗಂಡು, 160 ಕಿಲೋ ಆಸುಪಾಸಿನ ಆಳು, ಕೆಲವೊಮ್ಮೆ ಎದೆ ಬಡಿದು ಗಿಡ ಕಿತ್ತು ನೇರ ನುಗ್ಗಿ ಬಂದು ನಡುವೆ ನಿಂತುಬಿಡುತ್ತದೆ. ಬೆದರಿಸುವ ಓಟ ಅದು. ಓಡಬಾರದು. ಬಗ್ಗಿ ಕೂತು, ನೆಲ ನೋಡಿ, ಗೈಡಿನ ಹಿಂದೆ ಉಳಿಯಬೇಕು. ಓಡಿದರೆ ಬೆನ್ನಟ್ಟುವ ಸಾಧ್ಯತೆ ಹೆಚ್ಚು. ಜೊತೆಯಲ್ಲಿರುವ ಬಂದೂಕಿನವರು ಗೊರಿಲ್ಲಾಕ್ಕಾಗಿ ಬಂದವರಲ್ಲ. ಬ್ವಿಂಡಿಯಲ್ಲಿ ಕಾಡಾನೆಯಿದೆ, ಗಾಳಿಗೆ ಹಾರಿಸಿ ಅದನ್ನು ಅಟ್ಟಲು.

ನೆಗಡಿ, ಕೆಮ್ಮು, ಭೇದಿ ಇದ್ದರೆ ಮುಚ್ಚಿಟ್ಟು ಹೋಗಬೇಡಿ. ಮನುಷ್ಯರ ಕಾಯಿಲೆ ಅವಕ್ಕೆ ಸಲೀಸಾಗಿ ಅಂಟುತ್ತದೆ. 1996ರಲ್ಲಿ ಇಲ್ಲಿನ ಒಂದು ಗುಂಪಿಗೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು, ಮೂಲ ಸುತ್ತಲಿನ ಮನುಷ್ಯರೇ ಎಂದು ತಿಳಿಯಲಾಯಿತು. 2018ರ ಗಣತಿಯಲ್ಲಿ ಬ್ವಿಂಡಿ ಮತ್ತು ಅದಕ್ಕೆ ಅಂಟಿದ ಕಾಂಗೋದ ಸರಾಂಬ್ವೆ ಸೇರಿ ಸಿಕ್ಕಿದ್ದು 459 ಪರ್ವತ ಗೊರಿಲ್ಲಾ, ವಿರುಂಗಾ ಬೆಟ್ಟಸಾಲಿನವನ್ನು ಕೂಡಿಸಿದರೆ ಆಗ ಲೋಕದಲ್ಲಿದ್ದ ಪರ್ವತ ಗೊರಿಲ್ಲಾಗಳೇ 1063. ಕಾಯಿಲೆಯಿಂದ ಟ್ರೆಕ್ ತಪ್ಪಿಹೋಗುವುದು ಸಂಕಟದ ಮಾತೇ, ಅದಕ್ಕೇ ನಾನು ಹೊರಡುವ ಮುಂಚಿನ ವಾರ ಮದುವೆ, ಜಾತ್ರೆ ಅಂತ ಜನಜಂಗುಳಿಗೆ ಹೋಗುವುದಿಲ್ಲ, ವಿಮಾನದಲ್ಲಿ ಮಾಸ್ಕ್ ತೆಗೆಯುವುದಿಲ್ಲ. ಟ್ರೆಕ್ಕಿಗೆ ಮುಂಚೆ ಉಗಾಂಡಾದಲ್ಲೇ ಒಂದು ದಿನ ಸುಮ್ಮನೆ ಇಟ್ಟುಕೊಂಡರೆ ಪ್ರಯಾಣದ ನೀರು, ಊಟ ಹೊಟ್ಟೆಗೆ ಏನು ಮಾಡಿದೆ ಎಂದೂ ಗೊತ್ತಾಗುತ್ತದೆ. ಕಾಡಿನಲ್ಲಿ ಶೌಚಕ್ಕೆ ಹೋಗಬೇಕಾಗಿ ಬಂದರೆ ಗೈಡಿಗೆ ಹೇಳಿ. 30 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚುವುದು ಅಲ್ಲಿನ ನಿಯಮ.

ವಾಪಸ್ ಬರುವಾಗ ಯೆಲ್ಲೋ ಫೀವರ್ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕವನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ. ಭಾರತದಲ್ಲಿ ಇಳಿದ ಮೇಲೆ ಇಮಿಗ್ರೇಷನ್‌ಗೂ ಮೊದಲೇ ಆರೋಗ್ಯ ಇಲಾಖೆಯವರು ಕೇಳುತ್ತಾರೆ. ತೋರಿಸಲಾಗದಿದ್ದರೆ ಆರು ದಿನದವರೆಗೆ ಕ್ವಾರಂಟೈನ್, ಪೆಟ್ಟಿಗೆ ಅಷ್ಟು ಹೊತ್ತಿಗೆ ಬೆಲ್ಟಿನ ಮೇಲೆ ಸುತ್ತುತ್ತಿರುತ್ತದೆ.