ರೀಮ್ಯಾಪ್‌ಗೆ ಮುಂಚೆ ಹೋಸ್ ನೋಡಿ

ಗೆಳೆಯರೇ, ಡೀಸೆಲ್ ಪಿಕಪ್ ಸರಿಯಾಗಿ ಎಳೆಯುತ್ತಿಲ್ಲ ಅಂತ ನೇರವಾಗಿ ರೀಮ್ಯಾಪ್‌ಗೆ, ಅಂದರೆ ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸುವುದಕ್ಕೆ, ಹೋಗಬೇಡಿ. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನೋಡಿ. ಆಮೇಲೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್. ನನ್ನ ಗಾಡಿಯಲ್ಲಿ ಅದು ಕ್ಲಾಂಪ್ ಹತ್ತಿರ ಸೀಳಿ ಗಾಳಿ ಸೋರುತ್ತಿತ್ತು. ಲೋಡ್ ಹಾಕಿಕೊಂಡು ನೆಲಮಂಗಲ ಕಡೆ ಹೊರಟರೆ ಬರೀ ಕಪ್ಪು ಹೊಗೆ, ಗಾಡಿಗೆ ದಮ್ಮೇ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸ ಹೋಸ್ ತಂದು ಹಾಕಿಸಿದೆ, ಸರಿಹೋಯಿತು.

ರೀಮ್ಯಾಪ್ ಅಂದರೆ ಡೀಸೆಲ್ಲೂ ಜಾಸ್ತಿ, ಟರ್ಬೊ ಒತ್ತಡವೂ ಜಾಸ್ತಿ. ಟಾರ್ಕ್, ಅಂದರೆ ಎಳೆಯುವ ಬಲ, ಬರುತ್ತದೆ, ನಿಜ. ಆದರೆ ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ಟ್ರೈಲರ್ ಕಟ್ಟಿಕೊಂಡು ಉದ್ದನೆಯ ಏರು ಹತ್ತುವಾಗ ಆ ಬಿಸಿ ಇಳಿಯುವುದೇ ಇಲ್ಲ. ಟರ್ಬೊ, ಪಿಸ್ಟನ್ ಪೆಟ್ಟು ತಿನ್ನುವುದು ಅಲ್ಲೇ. ಹಳೇ ಕ್ಲಚ್ ಆದರೆ ಜಾರತೊಡಗುತ್ತದೆ. ಮಾಡಿಸಲೇಬೇಕು ಅಂದರೆ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಮೊದಲು ಹಾಕಿಸಿ. ಹೊಗೆಯ ವಿಷ ತಗ್ಗಿಸುವ ಇಜಿಆರ್, ಮಸಿ ಹಿಡಿಯುವ ಡಿಪಿಎಫ್ ಕಿತ್ತುಹಾಕಿಸುವುದು ಬೇಡವೇ ಬೇಡ. ಆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ ಅಲ್ವಾ?

ಇನ್ನೊಂದು ಮಾತು. ಎಂಜಿನ್ ಪವರ್ ಏರಿಸಿದರೆ ಬ್ರೇಕ್ ಬಲ ಏರುವುದಿಲ್ಲ. ಎಷ್ಟು ತೂಕ ಎಳೆಯಬಹುದು ಅಂತ ಕಂಪನಿ ಬರೆದಿರುವ ಮಿತಿ ಹಾಗೇ ಇರುತ್ತದೆ. ಮ್ಯಾನುಯಲ್ ತೆಗೆದು ಆ ಪುಟ ಒಮ್ಮೆ ಓದಿ.