ಫೈರ್‌ಪ್ಲೇಸ್ ಇರುವ ಹಾಲ್‌ನಲ್ಲಿ ದೊಡ್ಡ ಟಿವಿ: ಎಲ್ಲಿ ಇಡಬೇಕು, ಹೇಗೆ ಕೂರಿಸಬೇಕು

ಶಿಕಾಗೋ ಪಕ್ಕದ ಊರಿನಲ್ಲಿ ನಾವು ಮನೆ ತಗೊಂಡ ಮೊದಲ ವಾರವೇ 65 ಇಂಚಿನ ಟಿವಿ ತಂದು ಫೈರ್‌ಪ್ಲೇಸ್, ಅಂದರೆ ಗೋಡೆಯಲ್ಲೇ ಕಟ್ಟಿದ ಅಗ್ಗಿಷ್ಟಿಕೆಯ ಮೇಲೆ ಹಾಕಿಸಿಬಿಟ್ಟೆವು. ಹಿಂದಿನವರ ಟಿವಿಯೂ ಅಲ್ಲೇ ಇತ್ತು, ಪ್ಲಗ್ ಪಾಯಿಂಟ್ ಕೂಡ ಅಲ್ಲೇ ಇತ್ತು, ಹಾಗಾಗಿ ಬೇರೆ ಜಾಗ ಇದೆಯಾ ಅಂತ ಯೋಚಿಸಲೇ ಇಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯಿಂದ ಅಮ್ಮ ಬಂದರು. ಅವರಿಗೆ ನೆಲದ ಮೇಲೆ ಚಾಪೆ ಹಾಕಿ, ಸೋಫಾಕ್ಕೆ ಬೆನ್ನು ಕೊಟ್ಟು ಕೂತರೇ ಸಮಾಧಾನ. ಮೂರನೇ ದಿನ ಕುತ್ತಿಗೆ ಒತ್ತಿಕೊಳ್ಳುತ್ತಾ, ‘ಏನು ಮಾರಾಯ ಇದು, ದೇವಸ್ಥಾನದ ಗೋಪುರ ನೋಡಿದ ಹಾಗೆ ನೋಡ್ಬೇಕಲ್ಲ’ ಅಂದರು. ಟಿವಿ ಕೆಳಗೆ ಇಳಿಯಿತು. ಗೋಡೆಯಲ್ಲಿ ಆರು ತೂತು ಉಳಿಯಿತು.

ಅಮೆರಿಕ, ಕೆನಡಾದಲ್ಲಿ ಮನೆ ತಗೊಳ್ಳುವ ನಮ್ಮವರಲ್ಲಿ ಸುಮಾರು ಜನರಿಗೆ ಎದುರಾಗುವ ಪ್ರಶ್ನೆ ಇದು. ಹಾಲ್‌ನ ಮುಖ್ಯ ಗೋಡೆಯ ನಟ್ಟನಡುವೆ ಫೈರ್‌ಪ್ಲೇಸ್ ಕೂತಿರುತ್ತದೆ. ಉಳಿದ ಗೋಡೆಗಳಲ್ಲಿ ಕಿಟಕಿ, ಬಾಗಿಲು, ಅಡುಗೆಮನೆಗೆ ತೆರೆದ ಜಾಗ. ಹಾಗಾಗಿ ಕಣ್ಣು ಸೀದಾ ಒಲೆಯ ಮೇಲಿನ ಖಾಲಿ ಗೋಡೆಗೇ ಹೋಗುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟುತ್ತಿದ್ದದ್ದು ಒಣಗಬೇಕಾದ ಸಾಮಾನು ಇಡಲಿಕ್ಕೆ. ಬಿಸಿ ಮೇಲಕ್ಕೇ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಬಿಸಿಯ ದಾರಿಯಲ್ಲಿ ಸಾವಿರಾರು ಡಾಲರಿನ ಟಿವಿ ನೇತುಹಾಕುವ ಮೊದಲು ಸ್ವಲ್ಪ ಅಳತೆ ಮಾಡೋಣ.

ಮೊದಲು ಕೂರುವ ಜಾಗ, ಆಮೇಲೆ ಗೋಡೆ

ನೀವು ದಿನಾ ಕೂರುವ ಹಾಗೆ ಸೋಫಾ ಮೇಲೆ ಕೂತುಕೊಳ್ಳಿ. ನೆಟ್ಟಗೆ ಅಲ್ಲ, ಸಂಜೆ ಸುಸ್ತಾಗಿ ಒರಗುವ ಹಾಗೆ. ನೆಲದಿಂದ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆ ಅಂತ ಇನ್ನೊಬ್ಬರಿಂದ ಟೇಪ್ ಹಿಡಿಸಿ ಅಳೆಯಿರಿ. ಹೆಚ್ಚಾಗಿ 40ರಿಂದ 42 ಇಂಚು ಬರುತ್ತದೆ. ಮನೆಯಲ್ಲಿ ಯಾರಾದರೂ ನೆಲದ ಮೇಲೆ ಕೂರುವವರಿದ್ದರೆ ಅವರದ್ದನ್ನೂ ಅಳೆಯಿರಿ, ಅದು 30 ಇಂಚಿನ ಆಸುಪಾಸು ಇರುತ್ತದೆ. ಇಲ್ಲಿನ ಅಂಗಡಿಯವರು ಕೊಡುವ ಲೆಕ್ಕದಲ್ಲಿ ನೆಲದ ಮೇಲೆ ಕೂರುವವರು ಇರುವುದೇ ಇಲ್ಲ, ನಮ್ಮ ಮನೆಗಳಲ್ಲಿ ಇರುತ್ತಾರೆ. ಟಿವಿಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬಂದರೆ ಅದೇ ಒಳ್ಳೆಯ ಎತ್ತರ.

ಈಗ ಟಿವಿಯ ಅಳತೆ. ಪೆಟ್ಟಿಗೆಯ ಮೇಲೆ ಬರೆದಿರುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. 55 ಇಂಚಿನ ಟಿವಿ ಸುಮಾರು 48 ಇಂಚು ಅಗಲ, 27 ಇಂಚು ಎತ್ತರ. 65 ಇಂಚಿನದ್ದು 57 ಅಗಲ, 32 ಎತ್ತರ. 75ರದ್ದು 65 ಮತ್ತು 37. 85 ತಗೊಂಡರೆ ಅಗಲವೇ 74 ಇಂಚು, ಅಂದರೆ ಆರು ಅಡಿಗೂ ಜಾಸ್ತಿ. ಎಷ್ಟು ದೊಡ್ಡದು ತಗೊಳ್ಳಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಸೋಫಾದಿಂದ ಪರದೆಗೆ ಎಷ್ಟು ಇಂಚು ದೂರವೋ ಅದನ್ನು 1.6ರಿಂದ ಭಾಗಿಸಿ. 10 ಅಡಿ ಅಂದರೆ 120 ಇಂಚು, ಭಾಗಿಸಿದರೆ 75. ಸಿನಿಮಾ ಥಿಯೇಟರಿನ ಅನುಭವ ಬೇಕು ಅನ್ನುವವರು 1.2ರಿಂದ ಭಾಗಿಸುತ್ತಾರೆ, ಆದರೆ ವಾರ್ತೆ, ಧಾರಾವಾಹಿ, ಕ್ರಿಕೆಟ್ ನೋಡುವ ಮನೆಗೆ ಮೊದಲನೆಯದೇ ಸಾಕು ಅಂತ ನನಗೆ ಅನ್ನಿಸುತ್ತದೆ.

ಇದೇ ಲೆಕ್ಕವನ್ನು ಫೈರ್‌ಪ್ಲೇಸ್ ಮೇಲಿನ ಗೋಡೆಗೆ ಹಾಕಿ ನೋಡಿ. ನಮ್ಮ ಮನೆಯಲ್ಲಿ ಬೆಂಕಿಯ ಮೇಲಿರುವ ಹಲಗೆ, ಇಲ್ಲಿನವರು ಮ್ಯಾಂಟಲ್ ಅನ್ನುತ್ತಾರಲ್ಲ ಅದು, ನೆಲದಿಂದ 54 ಇಂಚು. ಅದರ ಮೇಲೆ 5 ಇಂಚು ಬಿಟ್ಟು 65 ಇಂಚಿನ ಟಿವಿ ಹಾಕಿದರೆ ನಡುಭಾಗ 75 ಇಂಚಿಗೆ ಹೋಗುತ್ತದೆ. ಸೋಫಾದ ಮೇಲಿರುವ ಕಣ್ಣಿಗಿಂತ 35 ಇಂಚು ಮೇಲೆ, ಚಾಪೆಯ ಮೇಲಿರುವ ಅಮ್ಮನ ಕಣ್ಣಿಗಿಂತ 45 ಇಂಚು ಮೇಲೆ. 15 ಡಿಗ್ರಿಗಿಂತ ಜಾಸ್ತಿ ಮೇಲಕ್ಕೆ ನೋಡಬೇಕಾದರೆ ಕುತ್ತಿಗೆ ದಣಿಯುತ್ತದೆ. ಅದನ್ನು ಇಂಚಿಗೆ ಇಳಿಸಿದರೆ, ಪ್ರತಿ ಅಡಿ ದೂರಕ್ಕೆ ಸುಮಾರು 3 ಇಂಚು. ನಾವು ಕೂರುವುದು 9 ಅಡಿ ದೂರ, ಹಾಗಾಗಿ ಕಣ್ಣಿಗಿಂತ 27, ಹೆಚ್ಚೆಂದರೆ 29 ಇಂಚು ಮೇಲೆ ಇರಬಹುದಿತ್ತು. ನಮ್ಮದು ಅದನ್ನು ದಾಟಿತ್ತು. ಈ ಐದು ನಿಮಿಷದ ಲೆಕ್ಕವನ್ನು ಮೊದಲೇ ಮಾಡಿದ್ದರೆ ಅಮ್ಮನಿಗೆ ನೋವು ಬರುತ್ತಿರಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ.

ಲೆಕ್ಕ ಬೇಡ ಅನ್ನುವವರು ಗೋಡೆಯ ಮೇಲೆ ಪೇಂಟರ್ ಟೇಪಿನಿಂದ ಟಿವಿಯ ಅಳತೆಯ ಚೌಕಟ್ಟು ಅಂಟಿಸಿ, ಮೂರು ದಿನ ಸಂಜೆ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತುಕೊಳ್ಳಿ. ಕುತ್ತಿಗೆಯೇ ಹೇಳುತ್ತದೆ.

ಬೇರೆ ಜಾಗ ಹುಡುಕುವುದು

ಮೊದಲು ನೋಡಬೇಕಾದದ್ದು ಫೈರ್‌ಪ್ಲೇಸಿನ ಅಕ್ಕಪಕ್ಕ. ಎಷ್ಟೋ ಮನೆಗಳಲ್ಲಿ ಎರಡೂ ಬದಿಗೆ ಪುಸ್ತಕದ ಕಪಾಟು ಅಥವಾ ಗೂಡು ಇರುತ್ತದೆ. 65 ಇಂಚಿನ ಟಿವಿಗೆ ಅಗಲ 57, ಗಾಳಿಯಾಡಲು ಎರಡೂ ಕಡೆ 2 ಇಂಚು, ಒಟ್ಟು 61 ಇಂಚು ಬೇಕು. ನಿಮ್ಮ ಗೂಡು 52 ಇಂಚಿನದ್ದಾದರೆ 55ರ ಟಿವಿಗೆ ಒಪ್ಪಿಕೊಳ್ಳಬೇಕು, ಇಲ್ಲಾ ಕಪಾಟು ತೆಗೆಸಬೇಕು. ಇಂಗ್ಲೆಂಡಿನ ಹಳೆಯ ಸಾಲುಮನೆಗಳಲ್ಲಿ ಇರುವವರಿಗೂ ಇದೇ ದಾರಿ. ಅಲ್ಲಿ ಚಿಮಣಿಯ ಗೋಡೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ಪಕ್ಕದ ಗೂಡು ಚಿಕ್ಕದು, ಆದ್ದರಿಂದ ಗೋಡೆಯಿಂದ ಹೊರಕ್ಕೆ ಎಳೆದು ತಿರುಗಿಸಬಹುದಾದ ತೋಳಿನ ಮೌಂಟ್ (ಟಿವಿಯನ್ನು ಗೋಡೆಗೆ ಹಿಡಿದಿಡುವ ಲೋಹದ ಚೌಕಟ್ಟು) ಹಾಕುತ್ತಾರೆ.

ಇನ್ನೊಂದು, ಪಕ್ಕದ ಗೋಡೆ. ನಾವು ಕೊನೆಗೆ ಮಾಡಿದ್ದು ಇದನ್ನೇ. ಎಲ್ ಆಕಾರದ ಸೋಫಾವನ್ನು ತಿರುಗಿಸಿ ಒಂದು ತೋಳು ಟಿವಿಗೆ, ಇನ್ನೊಂದು ತೋಳು ಬೆಂಕಿಗೆ ಮುಖ ಮಾಡುವ ಹಾಗೆ ಇಟ್ಟೆವು. ಟಿವಿ ಈಗ 24 ಇಂಚು ಎತ್ತರದ ಕ್ಯಾಬಿನೆಟ್ ಮೇಲೆ ತನ್ನದೇ ಕಾಲಿನ ಮೇಲೆ ನಿಂತಿದೆ. ನಡುಭಾಗ 43 ಇಂಚು. ಗೋಡೆಗೆ ಒಂದೇ ಒಂದು ತೂತು, ಅದೂ ಮಕ್ಕಳು ಎಳೆದರೆ ಬೀಳದಿರಲಿ ಅಂತ ಬೆಲ್ಟ್ ಕಟ್ಟಲಿಕ್ಕೆ. ಕ್ಯಾಬಿನೆಟ್ ಮೇಲೆ ಇಡುವವರು ಈ ಬೆಲ್ಟ್ ಬಿಡಬೇಡಿ, ದೊಡ್ಡ ಟಿವಿ ಮಗುವಿನ ಮೇಲೆ ಬಿದ್ದರೆ ಪ್ರಾಣಕ್ಕೇ ಅಪಾಯ.

ಬೆಂಕಿಯ ಎದುರು ಗೋಡೆಗೆ ಮಾತ್ರ ನಾನು ಹೋಗುವುದಿಲ್ಲ. ಉರಿಯುವಾಗ ಜ್ವಾಲೆ ಪರದೆಯಲ್ಲಿ ಕುಣಿಯುತ್ತದೆ, ಕತ್ತಲೆಯ ದೃಶ್ಯ ಬಂದರೆ ಬರೀ ಬೆಂಕಿಯೇ ಕಾಣುತ್ತದೆ.

ಮೇಲೆಯೇ ಹಾಕಬೇಕು ಅಂದರೆ ಬಿಸಿ ಪರೀಕ್ಷೆ

ಕೆಲವು ಹಾಲ್‌ಗಳಲ್ಲಿ ನಿಜಕ್ಕೂ ಬೇರೆ ಜಾಗ ಇರುವುದಿಲ್ಲ. ಆಗ ಮೊದಲು ನಿಮ್ಮದು ಯಾವ ಬಗೆಯ ಫೈರ್‌ಪ್ಲೇಸ್ ಅಂತ ತಿಳಿದುಕೊಳ್ಳಿ. ಕರೆಂಟಿನದ್ದಾದರೆ ತೊಂದರೆ ಕಡಿಮೆ. ಬಿಸಿಗಾಳಿ ಎಷ್ಟೋ ಮಾಡೆಲ್‌ಗಳಲ್ಲಿ ಮುಂದಕ್ಕೆ ಬರುತ್ತದೆ, ಆದರೂ ಯಾವ ಕಡೆಯಿಂದ ಬರುತ್ತದೆ ಅಂತ ಕೈ ಹಿಡಿದು ನೋಡಿ. ಅದರ ಹೀಟರ್ ಸಾಮಾನ್ಯವಾಗಿ 1500 ವ್ಯಾಟ್, ಇಲ್ಲಿನ 120 ವೋಲ್ಟ್‌ನಲ್ಲಿ ಹನ್ನೆರಡೂವರೆ ಆಂಪ್ಸ್ ಎಳೆಯುತ್ತದೆ. 15 ಆಂಪ್ಸ್ ಲೈನ್‌ನಲ್ಲಿ ಅದರ ಜೊತೆ ಬೇರೇನೂ ಬೇಡ. ಗ್ಯಾಸಿನದ್ದಾದರೆ ಅದರ ಮಾಡೆಲ್ ನಂಬರ್ ಹುಡುಕಿ ಮ್ಯಾನ್ಯುಯಲ್ ಓದಿ. ಮೇಲೆ ಎಷ್ಟು ಇಂಚು ಬಿಡಬೇಕು ಅಂತ ಅದರಲ್ಲಿ ಚಿತ್ರದ ಸಮೇತ ಇರುತ್ತದೆ. ಅದನ್ನು ಮೀರಬೇಡಿ. ಸೌದೆ ಉರಿಸುವುದಾದರೆ ಬಿಸಿಯ ಜೊತೆ ಮಸಿಯೂ ಬರುತ್ತದೆ. ಮಡಿಕೇರಿ, ಚಿಕ್ಕಮಗಳೂರು ಕಡೆಯ ಎಸ್ಟೇಟ್ ಬಂಗಲೆಗಳಲ್ಲಿ ಹಳೆಯ ಅಗ್ಗಿಷ್ಟಿಕೆ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಸೌದೆ ದಿನಾ ಉರಿಯುವ ಕಡೆ ಅದರ ಮೇಲೆ ಟಿವಿ ಬೇಡವೇ ಬೇಡ ಅನ್ನುವುದು ನನ್ನ ಮಾತು.

ಪರೀಕ್ಷೆ ಸುಲಭ. ಸಾಧಾರಣ ಥರ್ಮಾಮೀಟರ್ ಒಂದನ್ನು, ಜ್ವರದ್ದಲ್ಲ, ಕೋಣೆಯ ಬಿಸಿ ತೋರಿಸುವಂಥದ್ದು, ಟಿವಿಯ ಕೆಳಅಂಚು ಬರುವ ಜಾಗದಲ್ಲಿ ಗೋಡೆಗೆ ಟೇಪ್ ಹಾಕಿ ಅಂಟಿಸಿ. ಇನ್ನೊಂದು ಇದ್ದರೆ ಮೇಲಂಚಿನ ಜಾಗದಲ್ಲೂ ಅಂಟಿಸಿ. ಬೆಂಕಿಯನ್ನು ಪೂರ್ತಿ ಜೋರು ಮಾಡಿ, ಜನವರಿಯ ಚಳಿಯಲ್ಲಿ ನೀವು ಎಷ್ಟು ಹೊತ್ತು ಉರಿಸುತ್ತೀರೋ ಅಷ್ಟೂ ಹೊತ್ತು ಬಿಡಿ, ಕಾಲು ಗಂಟೆಗೊಮ್ಮೆ ಬರೆದುಕೊಳ್ಳಿ. ಇಟ್ಟಿಗೆಯ ಗೋಡೆಯಾದರೆ ಆರಿಸಿದ ಮೇಲೂ ಒಂದು ಗಂಟೆ ನೋಡಿ, ಯಾಕೆಂದರೆ ಇಟ್ಟಿಗೆ ಬಿಸಿ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಹೆಚ್ಚಿನ ಟಿವಿಗಳ ಮ್ಯಾನ್ಯುಯಲ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್, ಮೇಲಿನ ಮಿತಿ ಅಂತ ಇರುತ್ತದೆ. ಟಿವಿ ತಾನೂ ಬಿಸಿಯಾಗುತ್ತದೆ, ಆದ್ದರಿಂದ ನಾನಾದರೆ 90 ಫ್ಯಾರನ್‌ಹೀಟ್ ದಾಟಿದರೆ ಅಲ್ಲಿ ಹಾಕುವುದಿಲ್ಲ. ಓಲೆಡ್, ಅಂದರೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಬಗೆಯ ಪರದೆಯಾದರೆ ಇನ್ನೂ ಜಾಗ್ರತೆ, ಬಿಸಿಯಲ್ಲಿ ಅದು ಬೇಗ ಸವೆಯುತ್ತದೆ. 90ರ ಆಸುಪಾಸಿನಲ್ಲೇ ನಿಂತರೆ ಮ್ಯಾಂಟಲ್ ಹಲಗೆಯನ್ನು ಇನ್ನಷ್ಟು ಆಳದ್ದು ಹಾಕಿಸಿ ಮತ್ತೊಮ್ಮೆ ಅಳೆಯಬಹುದು. ಹಲಗೆ ಬಿಸಿಯನ್ನು ಗೋಡೆಯಿಂದ ಆಚೆ ತಳ್ಳುತ್ತದೆ. ಆದರೆ ಮರದ ಹಲಗೆ ಬೆಂಕಿಗೆ ಎಷ್ಟು ಹತ್ತಿರ ಇರಬಹುದು, ಎಷ್ಟು ಚಾಚಬಹುದು ಅನ್ನುವುದಕ್ಕೂ ನಿಯಮ ಇದೆ, ಸುಮ್ನೆ ಕಣ್ಣಳತೆಯಲ್ಲಿ ಮಾಡಿಸಬೇಡಿ.

ಗೋಡೆಯೊಳಗೆ ಏನಿದೆ

ಫೈರ್‌ಪ್ಲೇಸ್ ಮೇಲಿನ ಗೋಡೆಗೆ ತೂತು ಹೊಡೆಯುವುದು ಬೇರೆ ಗೋಡೆಗೆ ಹೊಡೆದಷ್ಟು ಸಲೀಸಲ್ಲ. ಸಾಮಾನ್ಯವಾಗಿ ಅಮೆರಿಕದ ಮನೆಗಳ ಗೋಡೆಯಲ್ಲಿ 16 ಇಂಚಿಗೊಂದು ಸ್ಟಡ್, ಅಂದರೆ ನೆಟ್ಟಗೆ ನಿಲ್ಲಿಸಿದ ಮರದ ಪಟ್ಟಿ ಇರುತ್ತದೆ, ಒಂದೂವರೆ ಇಂಚು ಅಗಲದ್ದು, ಮೇಲೆ ಅರ್ಧ ಇಂಚಿನ ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ. ಆದರೆ ಫೈರ್‌ಪ್ಲೇಸ್ ಮೇಲೆ ಸ್ಟಡ್ ಆ ಲೆಕ್ಕಕ್ಕೆ ಸಿಗಬೇಕೆಂದಿಲ್ಲ, ಕೆಲವು ಕಡೆ ಲೋಹದ್ದೂ ಇರುತ್ತದೆ. ಮುಖ್ಯವಾಗಿ ಗ್ಯಾಸ್ ಫೈರ್‌ಪ್ಲೇಸಿನ ಹೊಗೆ ಹೋಗುವ ಪೈಪ್ ಅಲ್ಲೇ ಒಳಗೆ ಇರಬಹುದು. ಹೊರಗೆ ಹೋಗಿ ನೋಡಿ. ಅದರ ಬಾಯಿ ಹಿಂದಿನ ಗೋಡೆಯಲ್ಲಿ ಕಂಡರೆ ಪೈಪ್ ಹಿಂದಕ್ಕೆ, ಇಲ್ಲವೇ ಸ್ವಲ್ಪ ಮೇಲಕ್ಕೆ ಹೋಗಿ ಹಿಂದಕ್ಕೆ ತಿರುಗಿದೆ. ಚಾವಣಿಯ ಮೇಲಿದ್ದರೆ ನಿಮ್ಮ ಟಿವಿಯ ಬೆನ್ನ ಹಿಂದೆಯೇ ಮೇಲಕ್ಕೆ ಹೋಗಿದೆ ಅಂತ ಅರ್ಥ. ಆ ಪೈಪಿಗೆ ಡ್ರಿಲ್ ತಾಗಿ ತೂತಾದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ಬರಬಹುದು. ಅನುಮಾನ ಇದ್ದರೆ ಚಿಕ್ಕ ತೂತು ಹೊಡೆದು ಅದರಲ್ಲಿ ವೈರಿನಂಥ ಕ್ಯಾಮೆರಾ ಬಿಟ್ಟು ನೋಡುವವರನ್ನು ಕರೆಸಿ.

ಕಲ್ಲಿನ ಹಾಗೆ ಕಾಣುವ ಗೋಡೆಯ ಮೇಲ್ಪದರ ಎಷ್ಟೋ ಸಲ ಬರೀ ಅಂಟಿಸಿದ ತೆಳು ಕಲ್ಲು. ಅದು ಭಾರ ಹೊರುವುದಿಲ್ಲ. ಬೋಲ್ಟ್ ಅದನ್ನು ದಾಟಿ ಸ್ಟಡ್‌ಗೇ ಕಚ್ಚಬೇಕು, ಹಾಗಾಗಿ ಉದ್ದದ ಬೋಲ್ಟ್ ಬೇಕು. ನಿಜವಾದ ಇಟ್ಟಿಗೆಯಾದರೆ ಹ್ಯಾಮರ್ ಡ್ರಿಲ್ ಮತ್ತು ಸ್ಲೀವ್ ಆಂಕರ್, ಅಂದರೆ ತೂತಿನೊಳಗೆ ಹಿಗ್ಗಿ ಬಿಗಿಯಾಗಿ ಕಚ್ಚುವ ಬೋಲ್ಟ್, ಬೇಕು. ಇಟ್ಟಿಗೆಗೇ ಹೊಡೆಯಿರಿ, ನಡುವಿನ ಗಾರೆಗೆ ಬೇಡ. ತೀರಾ ಆಳಕ್ಕೂ ಬೇಡ, ಹಿಂದೆ ಹೊಗೆಗೂಡು ಇದೆ.

ವೈರು ಮತ್ತು ಮೌಂಟ್

ಟಿವಿಯ ಕರೆಂಟ್ ವೈರನ್ನು ಗೋಡೆಯೊಳಗೆ ಇಳಿಬಿಡುವುದು ಇಲ್ಲಿನ ನಿಯಮದ ಪ್ರಕಾರ ತಪ್ಪು. ಬೆಂಕಿಯ ಅಪಾಯವೂ ಹೌದು. ಟಿವಿಯ ಹಿಂದೆ ಗೋಡೆಯೊಳಗೆ ಹುದುಗುವ ಪ್ಲಗ್ ಪಾಯಿಂಟ್ ಹಾಕಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ. ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್ ಒಳಗೆ ಹೋಗಬಹುದು, ಆದರೆ ಅದರ ಮೇಲೆ ಸಿಎಲ್2 ಅಥವಾ ಸಿಎಲ್3 (ಗೋಡೆಯೊಳಗೆ ಹಾಕಬಹುದು ಅನ್ನುವ ಗುರುತು) ಅಂತ ಮುದ್ರಿಸಿರಬೇಕು. ಸಾಧ್ಯವಾದರೆ ಎರಡು ಇಂಚಿನ ಪೈಪ್ ಹಾಕಿ ಅದರೊಳಗೆ ಕೇಬಲ್ ಎಳೆಯಿರಿ, ನಾಳೆ ಹೊಸ ಕೇಬಲ್ ಬಂದಾಗ ಗೋಡೆ ಒಡೆಯುವುದು ಬೇಡ. ಆ ಪೈಪ್ ಹೊಗೆಯ ಪೈಪಿನಿಂದ ದೂರ ಇರಲಿ.

ಮೌಂಟ್ ತಗೊಳ್ಳುವ ಮೊದಲು ಟಿವಿಯ ಬೆನ್ನಿನ ನಾಲ್ಕು ತೂತುಗಳ ಅಳತೆ ಮತ್ತು ಟಿವಿಯ ತೂಕ ನೋಡಿ. ಕೆಳಕ್ಕೆ ಬಾಗುವ ಮೌಂಟ್ ಹಾಕಿದರೆ ಚಿತ್ರ ಸರಿಯಾಗಿ ಕಾಣುತ್ತದೆ, ಬಣ್ಣ ಮಂಕಾಗುವುದಿಲ್ಲ, ಆದರೆ ಕುತ್ತಿಗೆ ಎತ್ತುವುದು ತಪ್ಪುವುದಿಲ್ಲ. ಕುತ್ತಿಗೆಗೆ ನಿಜವಾಗಿ ಉಪಕಾರವಾಗುವುದು ಪುಲ್‌ಡೌನ್ ಮೌಂಟ್. ಹಿಡಿಕೆ ಹಿಡಿದು ಎಳೆದರೆ ಟಿವಿ ಮುಂದಕ್ಕೆ ಬಂದು ಬೆಂಕಿಯ ಬಾಯಿಯ ಮುಂದೆ ಇಳಿಯುತ್ತದೆ. ಕೆಲವು ನೂರು ಡಾಲರ್ ಆಗುತ್ತದೆ, ಮೇಲೆಯೇ ಹಾಕುವವರಿಗೆ ಆ ದುಡ್ಡು ಸಾರ್ಥಕ. ಬೆಂಕಿ ಉರಿಯುವಾಗ ಮಾತ್ರ ಇಳಿಸಬಾರದು, ಇದನ್ನು ಮನೆಯ ಎಲ್ಲರಿಗೂ, ಮಕ್ಕಳಿಗೂ, ಊರಿಂದ ಬಂದವರಿಗೂ ಹೇಳಿಡಿ.

ಹಾಕುವ ದಿನ ಇಬ್ಬರು ಬೇಕೇ ಬೇಕು, 75ಕ್ಕಿಂತ ದೊಡ್ಡದಾದರೆ ಮೂರು ಜನ. ಪರದೆಯನ್ನು ಮಲಗಿಸಿ ಒಯ್ಯಬೇಡಿ, ನಿಲ್ಲಿಸಿಯೇ ಹಿಡಿಯಿರಿ. ಪೆಟ್ಟಿಗೆಯನ್ನು ತಿಂಗಳಾದರೂ ಇಟ್ಟುಕೊಳ್ಳಿ. ಡ್ರೈವಾಲ್ ತೆರೆದು ವೈರ್ ಎಳೆಸಿದ್ದರೆ, ಮುಚ್ಚುವ ಮೊದಲು ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಎರಡು ಫೋಟೋ ತೆಗೆದುಕೊಳ್ಳಿ. ಯಾವ ಸ್ಟಡ್ ಎಲ್ಲಿದೆ, ಪೈಪ್ ಯಾವ ಕಡೆ ಹೋಗಿದೆ ಅಂತ ಮುಂದೆ ಆ ಗೋಡೆಗೆ ಡ್ರಿಲ್ ಹಿಡಿಯುವವರಿಗೆ ಅದೇ ಆಧಾರ.