ಮಳೆಗಾಲದ ಮ್ಯಾರಥಾನ್ ತಯಾರಿ: ಕಾಯಿಲೆ ಬೀಳದ ಹಾಗೆ ಓಡುವುದು

ಭಾನುವಾರ 25 ಕಿ.ಮೀ. ಓಡಿ ಬಂದವರು ಒದ್ದೆ ಬನಿಯನ್‌ನಲ್ಲೇ ಅರ್ಧ ಗಂಟೆ ಹರಟುತ್ತಾರೆ. ಮೈ ತಣ್ಣಗಾಗಿ ನಡುಕ ಹುಟ್ಟುವುದು ಆಗಲೇ. ಒಣ ಅಂಗಿ, ಕಾಲುಚೀಲ ಜೊತೆಗಿರಲಿ. ಬಂದ ಕೂಡಲೇ ಬದಲಿಸಿ, ಬೆರಳ ಸಂದಿಗಳನ್ನು ಚೆನ್ನಾಗಿ ಒರೆಸಿ. ನೆನೆದ ಶೂಗಳ ಒಳಪದರ ತೆಗೆದು, ಹಳೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೇಗ ಒಣಗುತ್ತವೆ.

ಒಂದೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ನೀರಿನ ಬಾಟಲಿ ಹಂಚಿಕೊಳ್ಳಬೇಡಿ.

ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಎಂದಿಗಿಂತ 7-8 ಬಡಿತ ಹೆಚ್ಚಿದ್ದು, ನಿದ್ದೆಯೂ ಕೆಟ್ಟಿದ್ದರೆ ಅಂದು ವೇಗದ ಓಟ ಬಿಡಿ.

ಬರೀ ಮೂಗು ಸೋರುತ್ತಿದ್ದರೆ ಅರ್ಧ ಗಂಟೆ ನಿಧಾನವಾಗಿ ಓಡಬಹುದು. ಎದೆಕಫ, ಮೈಕೈ ನೋವು, ಜ್ವರ ಇದ್ದರೆ ಖಂಡಿತ ಬೇಡ: ವೈರಸ್ ಹೃದಯದ ಸ್ನಾಯುವಿಗೂ ತಗುಲಿರಬಹುದು, ಆಗ ಓಡುವುದು ಜೀವಕ್ಕೇ ಅಪಾಯ. ಜ್ವರಕ್ಕೆ ಐಬುಪ್ರೊಫೇನ್ ನುಂಗಲೇಬೇಡಿ, ಡೆಂಗಿಯಾಗಿದ್ದರೆ ರಕ್ತಸ್ರಾವವಾದೀತು. ಪ್ಯಾರಾಸಿಟಮಾಲ್ ಸಾಕು, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಟ್ಟು, ಸುಸ್ತು ಪೂರ್ತಿ ಹೋದ ಮೇಲೆ 20 ನಿಮಿಷದ ನಡಿಗೆಯಿಂದ ಶುರು ಮಾಡಿ. ತಪ್ಪಿದ ಕಿಲೋಮೀಟರ್‌ಗಳನ್ನು ಮುಂದಿನ ವಾರಕ್ಕೆ ತುರುಕಬೇಡಿ.